ಮಾತ್ರೆ ತಪ್ಪಬಾರದು, ಮನೆ ಮುಳುಗಬಾರದು

ಮೂರ್ಛೆರೋಗದ ಜೊತೆಗಿನ ಬದುಕು, ಚಿಕಿತ್ಸೆಯ ಖರ್ಚು: ತಿಳಿದಿರಬೇಕಾದ ಸಂಗತಿಗಳು

ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ಪ್ರತಿವರ್ಷ ಒಂದು ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ತೂಗುತ್ತಿತ್ತು. ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ಚೀಟಿ ಕಟ್ಟಬೇಕಾದ ತಾರೀಖು ಎಲ್ಲವೂ ಅದರಲ್ಲೇ. ಅವುಗಳ ನಡುವೆ ಅಲ್ಲಲ್ಲಿ ಅಮ್ಮ ಕೆಂಪು ಪೆನ್ನಿನಲ್ಲಿ ಸುತ್ತಿದ ಸೊನ್ನೆಗಳು. ಒಂದೊಂದು ಸೊನ್ನೆ ಎಂದರೆ ತಮ್ಮನಿಗೆ ಫಿಟ್ಸ್ ಬಂದ ಒಂದೊಂದು ದಿನ. ಮೊದಲ ಸಲ ಬಂದಾಗ ಅವನಿಗೆ ಹನ್ನೊಂದು ವರ್ಷ. ಮಾತ್ರೆ ಶುರುವಾದ ಮೇಲೆ ಸೊನ್ನೆಗಳು ವಿರಳವಾಗುತ್ತಾ ಬಂದವು. ಒಮ್ಮೆ ಎಂಟು ತಿಂಗಳು ಒಂದೂ ಇರಲಿಲ್ಲ.

‘ವಾಸಿಯಾಗಿದೆಯಲ್ಲ, ಇನ್ನೇಕೆ ತಿಂಗಳು ತಿಂಗಳೂ ದುಡ್ಡು ಸುರಿಯೋದು?’ ಎಂದು ಅಪ್ಪ ಮಾತ್ರೆ ತರುವುದನ್ನು ನಿಲ್ಲಿಸಿದರು. ಆ ವರ್ಷ ಮಳೆ ಕೈಕೊಟ್ಟಿತ್ತು, ಅಪ್ಪನನ್ನು ದೂರಲಾರೆ. ಐದನೇ ದಿನ ಬೆಳಗಿನ ಜಾವ ಶುರುವಾದ ಸೆಳೆತ ನಿಲ್ಲಲೇ ಇಲ್ಲ. ಬಾಡಿಗೆ ಕಾರು, ಐಸಿಯು, ನಾಲ್ಕು ದಿನದ ಬಿಲ್ಲು. ಉಳಿಸಿದ್ದು ಐದು ದಿನದ ಮಾತ್ರೆಯ ದುಡ್ಡು, ಕಟ್ಟಿದ್ದು ಕರೆಯುವ ಹಸು ಮಾರಿದ ದುಡ್ಡು.

ಅಂದು ಕಲಿತ ಪಾಠ ಇದು: ಮೂರ್ಛೆರೋಗದಲ್ಲಿ ಎಲ್ಲಕ್ಕಿಂತ ದುಬಾರಿ ಚಿಕಿತ್ಸೆ ಎಂದರೆ ಅರ್ಧಕ್ಕೆ ಬಿಟ್ಟ ಚಿಕಿತ್ಸೆ. ದಿನವೂ ಮಾತ್ರೆ ತಪ್ಪದಂತೆ, ಆದರೆ ಮನೆಯ ಬೆನ್ನು ಮುರಿಯದಂತೆ ನಡೆಸಿಕೊಂಡು ಹೋಗುವುದು ಹೇಗೆ? ಈ ಲೇಖನ ಅದಕ್ಕಾಗಿ.

ಯಾರಿಗಾದರೂ ಬರಬಹುದಾದ ಕಾಯಿಲೆ

ಮೂರ್ಛೆರೋಗ, ಅಪಸ್ಮಾರ, ಫಿಟ್ಸ್ – ಹೆಸರು ಯಾವುದಾದರೂ ಇದು ಮಿದುಳಿನ ಕಾಯಿಲೆ. ಮಿದುಳಿನ ನರಕೋಶಗಳು ಸಣ್ಣ ವಿದ್ಯುತ್ ಸಂಕೇತಗಳ ಮೂಲಕ ಕೆಲಸ ಮಾಡುತ್ತವೆ. ಆ ವಿದ್ಯುತ್ತು ಒಮ್ಮೆಲೇ ಲಂಗುಲಗಾಮಿಲ್ಲದೆ ಹರಿದಾಗ ಸೆಳೆತ ಬರುತ್ತದೆ. ಇದು ಮೈಮೇಲೆ ಬರುವುದಲ್ಲ, ಗ್ರಹಚಾರವಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಹೆರಿಗೆಯ ವೇಳೆ ಮಗುವಿಗೆ ಆಮ್ಲಜನಕ ಸಾಲದಿರುವುದು, ತಲೆಗೆ ಬಿದ್ದ ಪೆಟ್ಟು, ಮಿದುಳಿನ ಸೋಂಕು, ಪಾರ್ಶ್ವವಾಯು, ಗಡ್ಡೆ, ವಂಶವಾಹಿ – ಕಾರಣಗಳು ಹಲವು. ಸರಿಯಾಗಿ ತೊಳೆಯದ ಸೊಪ್ಪು, ತರಕಾರಿಯ ಮೂಲಕ ಲಾಡಿಹುಳುವಿನ ಮೊಟ್ಟೆ ಹೊಟ್ಟೆ ಸೇರಿ, ಅದರ ಮರಿ ಮಿದುಳಿನಲ್ಲಿ ನೆಲೆಸುವುದೂ ನಮ್ಮ ದೇಶದಲ್ಲಿ ಒಂದು ಮುಖ್ಯ ಕಾರಣ. ಎಷ್ಟೋ ಮಂದಿಯಲ್ಲಿ ಕಾರಣ ಸಿಗುವುದೇ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಈ ಕಾಯಿಲೆ ಇದೆ. ಅವರಲ್ಲಿ ಶೇ 80ರಷ್ಟು ಮಂದಿ ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿದ್ದಾರೆ. ಬೆಂಗಳೂರು ನಗರ ಮತ್ತು ಗ್ರಾಮಾಂತರದಲ್ಲಿ ನಿಮ್ಹಾನ್ಸ್ ನಡೆಸಿದ ಸಮೀಕ್ಷೆಯಲ್ಲಿ ಸಾವಿರಕ್ಕೆ ಸುಮಾರು 9 ಮಂದಿಯಲ್ಲಿ ಮೂರ್ಛೆರೋಗ ಕಂಡಿತ್ತು; ಹಳ್ಳಿಗಳಲ್ಲಿ ಅದು ಪೇಟೆಯ ಎರಡರಷ್ಟಿತ್ತು. ಮೂರು ಸಾವಿರ ಜನರಿರುವ ಊರಿನಲ್ಲಿ ಇಪ್ಪತ್ತೈದು ಮೂವತ್ತು ಮಂದಿ ಇದ್ದಾರು ಎಂದಾಯಿತು. ಮುಚ್ಚಿಡುವುದರಿಂದ ನಮಗೆ ಕಾಣುತ್ತಿಲ್ಲ, ಅಷ್ಟೇ.

ಧೈರ್ಯ ಕೊಡುವ ಅಂಕಿಯೂ ಇದೆ. ಸರಿಯಾಗಿ ಪತ್ತೆಹಚ್ಚಿ, ಸರಿಯಾದ ಮಾತ್ರೆ ಕೊಟ್ಟರೆ ಶೇ 70ರವರೆಗೆ ರೋಗಿಗಳು ಫಿಟ್ಸ್ ಇಲ್ಲದೆ ಬದುಕಬಲ್ಲರು. ಹಳೆಯ, ಅಗ್ಗದ ಮಾತ್ರೆಗಳಾದರೆ ವರ್ಷದ ಖರ್ಚು 5 ಡಾಲರ್‌ನಷ್ಟು ಕಡಿಮೆ ಇರಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಮೊದಲ ಔಷಧಿ: ಒಂದು ಪೆನ್ನು

ಡಾಕ್ಟರು ನೋಡುವ ಹೊತ್ತಿಗೆ ಫಿಟ್ಸ್ ನಿಂತಿರುತ್ತದೆ. ಅವರಿಗೆ ನೀವೇ ಕಣ್ಣು. ಹೀಗಾಗಿ ಪ್ರತಿಸಲವೂ ಬರೆದಿಡಿ: ತಾರೀಖು, ಹೊತ್ತು, ಎಷ್ಟು ನಿಮಿಷ, ಮೊದಲು ಯಾವ ಕೈ ಅಥವಾ ಕಾಲು ಎಳೆಯಿತು, ಕಣ್ಣು ಯಾವ ಕಡೆ ತಿರುಗಿತು, ನಾಲಿಗೆ ಕಚ್ಚಿತೇ, ಉಚ್ಚೆ ಹೋಯಿತೇ, ಹಿಂದಿನ ರಾತ್ರಿ ನಿದ್ದೆಗೆಟ್ಟಿದ್ದರೇ, ಮಾತ್ರೆ ತಪ್ಪಿತ್ತೇ. ಸಾಧ್ಯವಾದರೆ ಮನೆಯವರೊಬ್ಬರು ಮೊಬೈಲಿನಲ್ಲಿ ವಿಡಿಯೊ ಮಾಡಲಿ. ಮನೆಯವರು ನಾಚಿಕೆ ಪಡಬೇಕಿಲ್ಲ, ಅದು ಡಾಕ್ಟರಿಗೆ ಮಾತ್ರ. ಅಮ್ಮನ ಕ್ಯಾಲೆಂಡರನ್ನು ಒಮ್ಮೆ ಹಾಗೆಯೇ ಸುತ್ತಿ ಆಸ್ಪತ್ರೆಗೆ ಒಯ್ದಿದ್ದೆವು. ಡಾಕ್ಟರು ಅದನ್ನು ಮೇಜಿನ ಮೇಲೆ ಹರಡಿ ಕಾಲು ಗಂಟೆ ನೋಡಿದರು. ನಿದ್ದೆಗೆಟ್ಟ ಜಾತ್ರೆ, ಮದುವೆಗಳ ಮರುದಿನವೇ ಸೊನ್ನೆಗಳು ಬಿದ್ದಿದ್ದವು. ಅದು ನಮಗ್ಯಾರಿಗೂ ಹೊಳೆದಿರಲಿಲ್ಲ.

ಎಲ್ಲ ಫಿಟ್ಸ್‌ನಲ್ಲೂ ಕೈಕಾಲು ಬಡಿಯುವುದಿಲ್ಲ. ಕೆಲ ಮಕ್ಕಳು ಪಾಠ ಕೇಳುತ್ತಲೇ ಹತ್ತಾರು ಸೆಕೆಂಡು ಶೂನ್ಯದೃಷ್ಟಿಯಲ್ಲಿ ಇರುತ್ತಾರೆ. ಕೆಲವರು ತುಟಿ ಚಪ್ಪರಿಸುತ್ತಾ, ಬಟ್ಟೆ ಹಿಸುಕುತ್ತಾ ಅರಿವಿಲ್ಲದೆ ಓಡಾಡುತ್ತಾರೆ. ‘ಗಮನ ಇಲ್ಲ’ ಎಂದು ಮೇಷ್ಟರಿಂದ ಏಟು ತಿನ್ನುವ ಮಕ್ಕಳಲ್ಲಿ ಇಂಥವರೂ ಇರುತ್ತಾರೆ. ಹಾಗೆಯೇ ಒಮ್ಮೆ ಫಿಟ್ಸ್ ಬಂದ ಮಾತ್ರಕ್ಕೆ ಮೂರ್ಛೆರೋಗ ಎಂದು ತೀರ್ಮಾನಿಸಬೇಕಿಲ್ಲ. ಐದು ವರ್ಷದೊಳಗಿನ ಮಕ್ಕಳಿಗೆ ಜ್ವರದಲ್ಲಿ ಬರುವ ಫಿಟ್ಸ್ ಸಾಮಾನ್ಯವಾಗಿ ಬೇರೆಯೇ ಸಂಗತಿ. ಆದರೂ ಮೊದಲ ಸಲ ಬಂದಾಗ ಡಾಕ್ಟರಿಗೆ ತೋರಿಸಲೇಬೇಕು.

ಪರೀಕ್ಷೆಗಳ ಬಗ್ಗೆ ಒಂದು ಮಾತು. ಇಇಜಿ ಮತ್ತು ಎಂಆರ್‌ಐ ಮುಖ್ಯವಾದವು. ಇಇಜಿ ಸರಿಯಿದ್ದರೂ ಮೂರ್ಛೆರೋಗ ಇರಬಹುದು; ರೋಗದ ವಿವರವೇ ಹೆಚ್ಚು ಮಹತ್ವದ್ದು. ಪ್ರತಿ ಭೇಟಿಗೂ ಈ ಪರೀಕ್ಷೆಗಳು ಬೇಕಾಗುವುದಿಲ್ಲ. ಮತ್ತೆ ಬರೆದುಕೊಟ್ಟರೆ ‘ಇದರಿಂದ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ ಸಾರ್?’ ಎಂದು ವಿನಯದಿಂದ ಕೇಳಿ. ಹಳೆಯ ಫಿಲ್ಮು, ವರದಿ, ಚೀಟಿಗಳನ್ನೆಲ್ಲ ಒಂದೇ ಫೈಲಿನಲ್ಲಿಡಿ. ಆಸ್ಪತ್ರೆ ಬದಲಾದಾಗ ಎಂಆರ್‌ಐ ಮತ್ತೆ ಮಾಡಿಸುವ ಖರ್ಚನ್ನು ಈ ಫೈಲೇ ಉಳಿಸುತ್ತದೆ.

ಮಾತ್ರೆಯ ಹೆಸರು ತಿಳಿದುಕೊಳ್ಳಿ

ಫೆನೋಬಾರ್ಬಿಟೋನ್, ಫೆನಿಟಾಯಿನ್, ಕಾರ್ಬಮಾಜೆಪಿನ್, ಸೋಡಿಯಂ ವಾಲ್‌ಪ್ರೊಯೇಟ್ – ಇವು ದಶಕಗಳಿಂದ ಬಳಕೆಯಲ್ಲಿರುವ ಔಷಧಿಗಳು. ಲೆವೆಟಿರಾಸಿಟಾಮ್ ಇತ್ತೀಚಿನದು. ಇವೆಲ್ಲ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ. ಆ ಪಟ್ಟಿಯಲ್ಲಿ ಹೇಳಿದ ಪ್ರಮಾಣದ ಮಾತ್ರೆಗಳಿಗೆ ಸರ್ಕಾರವೇ ಗರಿಷ್ಠ ಬೆಲೆ ಕಟ್ಟುತ್ತದೆ. ಹೊಸದು ಎಂದ ಮಾತ್ರಕ್ಕೆ ನಿಮಗೆ ಅದೇ ಒಳ್ಳೆಯದು ಎಂದೇನಿಲ್ಲ. ಯಾವ ಬಗೆಯ ಫಿಟ್ಸ್, ಯಾವ ವಯಸ್ಸು, ಗಂಡೋ ಹೆಣ್ಣೋ ಎಂಬುದರ ಮೇಲೆ ಔಷಧಿ ನಿರ್ಧಾರವಾಗುತ್ತದೆ. ಹೀಗಾಗಿ ಡಾಕ್ಟರಿಗೆ ನಿಮ್ಮ ಕೈಯಲ್ಲಿ ಎಷ್ಟಾಗುತ್ತದೆ ಎಂದು ಮೊದಲೇ ಹೇಳಿಬಿಡಿ: ‘ತಿಂಗಳಿಗೆ ಇಷ್ಟರ ಮೇಲೆ ನನ್ನಿಂದಾಗದು, ಅದರೊಳಗೆ ಬರುವ ಮಾತ್ರೆ ಇದೆಯೇ?’ ಸಂಕೋಚದಿಂದ ಚೀಟಿ ಮಡಚಿಕೊಂಡು ಬಂದು, ಎರಡು ತಿಂಗಳಿಗೆ ಮಾತ್ರೆ ನಿಲ್ಲಿಸುವುದಕ್ಕಿಂತ ಈ ಒಂದು ಪ್ರಶ್ನೆ ಮೇಲು.

ಖರ್ಚು ಇಳಿಸುವ ದಾರಿಗಳು ಇವು:

1. ಚೀಟಿಯಲ್ಲಿ ಕಂಪನಿಯ ಹೆಸರಿನ ಜೊತೆಗೆ ಔಷಧಿಯ ಮೂಲ ಹೆಸರನ್ನೂ ಬರೆಯಲು ಕೇಳಿ. ಜನೌಷಧಿ ಕೇಂದ್ರದಲ್ಲಿ ಮೂಲ ಹೆಸರಿನ ಮಾತ್ರೆ ಹೆಸರಾಂತ ಕಂಪನಿಗಳ ಬೆಲೆಗಿಂತ ಅರ್ಧ, ಎಷ್ಟೋ ಸಲ ಅದಕ್ಕೂ ಕಡಿಮೆ ದರದಲ್ಲಿ ಸಿಗುತ್ತದೆ. ಹತ್ತಿರದ ಕೇಂದ್ರ ಎಲ್ಲಿದೆ, ಮಾತ್ರೆಯ ಬೆಲೆ ಎಷ್ಟು ಎಂಬುದನ್ನು ‘ಜನೌಷಧಿ ಸುಗಮ್’ ಆ್ಯಪ್‌ನಲ್ಲಿ ನೋಡಬಹುದು.

2. ಒಂದು ಕಂಪನಿಯ ಮಾತ್ರೆ ಒಗ್ಗಿ ಫಿಟ್ಸ್ ನಿಂತಿದ್ದರೆ ತಿಂಗಳಿಗೊಂದು ಕಂಪನಿ ಬದಲಿಸಬೇಡಿ. ಅಗ್ಗದ್ದಕ್ಕೆ ಹೋಗುವುದಾದರೆ ಡಾಕ್ಟರಿಗೆ ತಿಳಿಸಿ ಒಮ್ಮೆ ಬದಲಿಸಿ, ಆಮೇಲೆ ಅದಕ್ಕೇ ಅಂಟಿಕೊಳ್ಳಿ. ನಿಧಾನವಾಗಿ ಕರಗುವ ಮಾತ್ರೆಗಳ ಹೆಸರಿನ ಮುಂದೆ ‘ಸಿಆರ್’, ‘ಇಆರ್’ ಎಂದಿರುತ್ತದೆ. ಅವುಗಳ ಬದಲಿಗೆ ಸಾದಾ ಮಾತ್ರೆ ತರಬಾರದು, ಅವನ್ನು ಪುಡಿಮಾಡಿಯೂ ಕೊಡಬಾರದು.

3. ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆಗಳಲ್ಲಿ ಸಾಮಾನ್ಯ ಮಾತ್ರೆಗಳು ಉಚಿತವಾಗಿ ಸಿಗುತ್ತವೆ. ದೊಡ್ಡ ಆಸ್ಪತ್ರೆಯ ಚೀಟಿ ತೋರಿಸಿ ‘ಇದು ನಿಮ್ಮಲ್ಲಿದೆಯೇ?’ ಎಂದು ವಿಚಾರಿಸಿ. ವರ್ಷಕ್ಕೆ ಒಂದೆರಡು ಸಲ ತಜ್ಞರ ಬಳಿ ಹೋಗಿ, ಉಳಿದ ತಿಂಗಳು ಊರಿನಲ್ಲೇ ಮಾತ್ರೆ ಪಡೆದರೆ ಬಸ್ ಖರ್ಚೂ ದಿನಗೂಲಿಯೂ ಉಳಿಯುತ್ತವೆ.

4. ಕಾರ್ಖಾನೆ, ಗಾರ್ಮೆಂಟ್ಸ್‌ನಲ್ಲಿ ದುಡಿಯುವವರ ಸಂಬಳದಲ್ಲಿ ಇಎಸ್‌ಐ ಕಡಿತವಾಗುತ್ತಿದ್ದರೆ ಕಾರ್ಮಿಕನಿಗೂ ಅವನ ಅವಲಂಬಿತರಿಗೂ ಹೊರರೋಗಿ ಚಿಕಿತ್ಸೆ ಮತ್ತು ಮಾತ್ರೆ ಸಿಗುತ್ತದೆ. ದುಡ್ಡು ಕಟ್ಟುತ್ತಲೇ ಇದ್ದು ಹೊರಗೆ ಮಾತ್ರೆ ಕೊಳ್ಳುವವರು ಬಹಳ.

5. ಮನೆಯಲ್ಲಿ ಯಾವಾಗಲೂ ಹತ್ತು ದಿನದ ಮಾತ್ರೆ ಹೆಚ್ಚುವರಿ ಇರಲಿ. ಬಂದ್, ಹಬ್ಬ, ನೆರೆ, ಅಂಗಡಿಯಲ್ಲಿ ‘ಸ್ಟಾಕ್ ಇಲ್ಲ’ – ಯಾವುದಕ್ಕೂ ಮಾತ್ರೆ ತಪ್ಪಬಾರದು.

ಯಾರೋ ಹೇಳಿದರೆಂದು ‘ಮೂರೇ ತಿಂಗಳಲ್ಲಿ ಬುಡಸಮೇತ ವಾಸಿ’ ಎನ್ನುವವರ ಪುಡಿ ಕೊಳ್ಳಬೇಡಿ. ಗಿಡಮೂಲಿಕೆ ಹೆಸರಿನ ಪೊಟ್ಟಣದಲ್ಲಿ ಫೆನೋಬಾರ್ಬಿಟೋನ್ ಬೆರೆಸಿ ದುಬಾರಿ ಬೆಲೆಗೆ ಮಾರಿದ ಪ್ರಕರಣಗಳು ಬೆಳಕಿಗೆ ಬಂದಿವೆ. ಅದರಲ್ಲಿ ಎಷ್ಟು ಔಷಧಿ ಇದೆಯೆಂದು ಯಾರಿಗೂ ಗೊತ್ತಿರುವುದಿಲ್ಲ. ನಿಲ್ಲಿಸಿದರೆ ಜೀವಕ್ಕೇ ಅಪಾಯ.

ಮಾತ್ರೆ ಯಾವಾಗ ನಿಲ್ಲಿಸುವುದು? ಕನಿಷ್ಠ ಎರಡು ವರ್ಷ ಒಂದೂ ಫಿಟ್ಸ್ ಬರದಿದ್ದರೆ ಡಾಕ್ಟರು ಯೋಚಿಸುತ್ತಾರೆ. ಆಗಲೂ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ. ಕೆಲವರಿಗೆ ಜೀವನಪರ್ಯಂತ ಬೇಕಾಗಬಹುದು. ಮಾತ್ರೆ ಶುರುಮಾಡಿದ ಮೊದಲ ವಾರಗಳಲ್ಲಿ ಮೈಮೇಲೆ ದದ್ದು, ಬಾಯಲ್ಲಿ ಹುಣ್ಣು, ಜ್ವರ ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ. ಅತಿಯಾದ ತೂಕಡಿಕೆ, ಸಿಡುಕು, ಮಂಕು, ವಸಡು ಊದುವುದು ಇದ್ದರೆ ಸುಮ್ಮನೆ ಸಹಿಸಬೇಡಿ, ಹೇಳಿ. ಪ್ರಮಾಣ ಬದಲಿಸಬಹುದು, ಬೇರೆ ಮಾತ್ರೆಯೂ ಇದೆ.

ದೊಡ್ಡ ಖರ್ಚು ಬಂದಾಗ

ಸರಿಯಾಗಿ ಆರಿಸಿದ ಎರಡು ಔಷಧಿಗಳನ್ನು ಸಾಕಷ್ಟು ಪ್ರಮಾಣದಲ್ಲಿ ಕೊಟ್ಟರೂ ಫಿಟ್ಸ್ ನಿಲ್ಲದಿದ್ದರೆ ಅದನ್ನು ಔಷಧಿಗೆ ಬಗ್ಗದ ಮೂರ್ಛೆರೋಗ ಎನ್ನುತ್ತಾರೆ. ಮೂರನೇ, ನಾಲ್ಕನೇ ಮಾತ್ರೆ ಸೇರಿಸುತ್ತಾ ವರ್ಷ ಕಳೆಯುವ ಬದಲು ದೊಡ್ಡ ಕೇಂದ್ರದಲ್ಲಿ ತೋರಿಸಬೇಕು. ಮಿದುಳಿನ ಒಂದೇ ಜಾಗದಿಂದ ಫಿಟ್ಸ್ ಹುಟ್ಟುತ್ತಿದ್ದರೆ ಶಸ್ತ್ರಚಿಕಿತ್ಸೆಯಿಂದ ಅನೇಕರಿಗೆ ಪೂರ್ಣ ಬಿಡುಗಡೆ ಸಿಕ್ಕಿದೆ. ಕೆಲ ಮಕ್ಕಳಿಗೆ ಕೊಬ್ಬು ಹೆಚ್ಚು, ಅನ್ನ ಸಕ್ಕರೆ ಕಡಿಮೆ ಇರುವ ಕೀಟೋಜೆನಿಕ್ ಪಥ್ಯ ನೆರವಾಗುತ್ತದೆ. ಆದರೆ ಇದನ್ನು ತಜ್ಞರ ಕಣ್ಗಾವಲಿನಲ್ಲೇ ಮಾಡಬೇಕು. ಬೆಂಗಳೂರಿನ ನಿಮ್ಹಾನ್ಸ್, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ಇಂಥ ಚಿಕಿತ್ಸೆಗೆ ಹೆಸರಾದವು. ನಿಮ್ಹಾನ್ಸ್‌ಗೆ ಹೋಗುವಾಗ ಬಿಪಿಎಲ್ ಕಾರ್ಡ್ ಮರೆಯಬೇಡಿ, ರಿಯಾಯಿತಿಗೆ ಅದು ಬೇಕು.

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜಿನ ಶೇ 30ರಷ್ಟನ್ನು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ ಸರ್ಕಾರ ಭರಿಸುತ್ತದೆ. ಇದು ಮುಖ್ಯವಾಗಿ ದಾಖಲಾಗುವ ಚಿಕಿತ್ಸೆಗೆ. ತಿಂಗಳ ಮಾತ್ರೆಗೆ ಇದನ್ನು ನೆಚ್ಚಬೇಡಿ. ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಬೇಕೇ ಎಂದು ಅಲ್ಲಿನ ಆರೋಗ್ಯಮಿತ್ರರನ್ನು ಕೇಳಿ.

2022ರಲ್ಲಿ ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ ಆರಂಭಿಸಿದ ‘ಕರ್ನಾಟಕ ಮೆದುಳು ಆರೋಗ್ಯ’ ಕಾರ್ಯಕ್ರಮ ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಮೊದಲಾಗಿ ಬಳಿಕ ಇತರ ಜಿಲ್ಲೆಗಳಿಗೂ ಹಬ್ಬಿದೆ. ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ಮೆದುಳು ಆರೋಗ್ಯ ಕ್ಲಿನಿಕ್ ಯಾವ ದಿನ ಇರುತ್ತದೆ ಎಂದು ವಿಚಾರಿಸಿ. ಬಸ್ ಚಾರ್ಜೂ ಚಿಕಿತ್ಸೆಯ ಖರ್ಚೇ. ರೋಗಿಯ ಜೊತೆ ಹೋಗುವವರು ತಾಯಿ ಅಥವಾ ಅಕ್ಕನಾದರೆ ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ‘ಶಕ್ತಿ’ ಯೋಜನೆಯಡಿ ಟಿಕೆಟ್‌ಗೆ ದುಡ್ಡು ಕೊಡಬೇಕಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮೂರ್ಛೆರೋಗವನ್ನು ಹೆಸರಿಸಿ ಸೇರಿಸಿಲ್ಲ. ಆದರೆ ಮಗುವಿಗೆ ಇದರ ಜೊತೆ ಬೌದ್ಧಿಕ ಅಸಾಮರ್ಥ್ಯವೋ ಸೆರೆಬ್ರಲ್ ಪಾಲ್ಸಿಯೋ ಇದ್ದರೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿ. ಅಂಥ ಮಕ್ಕಳಿಗೆ ರಾಷ್ಟ್ರೀಯ ನ್ಯಾಸದ ‘ನಿರಾಮಯ’ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷದವರೆಗೆ, ಹೊರರೋಗಿ ಖರ್ಚಿಗೂ ಅವಕಾಶವಿದೆ. ಖಾಸಗಿ ಆರೋಗ್ಯ ವಿಮೆ ಮಾಡಿಸುವಾಗ ಕಾಯಿಲೆಯನ್ನು ಮುಚ್ಚಿಡಬೇಡಿ. ಮುಚ್ಚಿಟ್ಟದ್ದು ಗೊತ್ತಾದರೆ ಬೇರೆ ಕಾಯಿಲೆಯ ಕ್ಲೇಮೂ ಕೈತಪ್ಪಬಹುದು. ಮೂರ್ಛೆರೋಗವನ್ನು ಪಾಲಿಸಿಯಿಂದ ಶಾಶ್ವತವಾಗಿ ಹೊರಗಿಟ್ಟಿದ್ದಾರೆಯೇ, ಎಷ್ಟು ವರ್ಷ ಕಾಯಬೇಕು ಎಂಬುದನ್ನು ಸಹಿ ಹಾಕುವ ಮೊದಲೇ ಓದಿಸಿಕೊಳ್ಳಿ.

ಹಂಡೆ ನೀರು, ತಲೆಸ್ನಾನ ಮತ್ತು ಫಿಟ್ಸ್

ಹಳೆ ಮೈಸೂರು ಸೀಮೆಯವರು ವಿಶೇಷವಾಗಿ ತಿಳಿಯಬೇಕಾದ ಒಂದು ಬಗೆ ಇದೆ. ತಲೆಯ ಮೇಲೆ ಸುಡುಸುಡು ನೀರನ್ನು ಚೆಂಬಿನಲ್ಲಿ ಸರಸರನೆ ಹುಯ್ದುಕೊಳ್ಳುವಾಗ ಬರುವ ಫಿಟ್ಸ್. ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಇದನ್ನು ವೈದ್ಯಲೋಕದ ಗಮನಕ್ಕೆ ತಂದವರಲ್ಲಿ ಮೊದಲಿಗರು. ಅವರ ತಂಡ ಚಾಮರಾಜನಗರ ಜಿಲ್ಲೆಯ ಯಳಂದೂರು ತಾಲ್ಲೂಕಿನಲ್ಲಿ ನಡೆಸಿದ ಅಧ್ಯಯನದಲ್ಲಿ ನೂರು ರೋಗಿಗಳಲ್ಲಿ ಸುಮಾರು ಏಳು ಮಂದಿಗೆ ಈ ಬಗೆಯದು ಇತ್ತು. ಹಳ್ಳಿಯ ಮಟ್ಟದಲ್ಲೇ ಅಗ್ಗದ ಮಾತ್ರೆಯಿಂದ ಮೂರ್ಛೆರೋಗವನ್ನು ಹತೋಟಿಗೆ ತರಬಹುದು ಎಂದು ತೋರಿಸಿಕೊಟ್ಟದ್ದೂ ಅದೇ ಅಧ್ಯಯನ.

ಇದಕ್ಕೆ ದುಡ್ಡಿಲ್ಲದ ಮದ್ದು ಬಚ್ಚಲಲ್ಲೇ ಇದೆ. ನೀರಿನ ಬಿಸಿ ಇಳಿಸಿ, ಉಗುರುಬೆಚ್ಚಗಿರಲಿ. ತಲೆಗೆ ಒಂದೇ ಸಮನೆ ಹುಯ್ಯಬೇಡಿ. ಒದ್ದೆ ಬಟ್ಟೆಯಲ್ಲಿ ತಲೆ ಒರೆಸಿ, ಮೈಗೆ ಬೇರೆಯಾಗಿ ಸ್ನಾನ ಮಾಡಿಸಿ. ಎಷ್ಟೋ ಮಂದಿಗೆ ಇಷ್ಟೇ ಸಾಕಾಗುತ್ತದೆ. ಸಾಲದಿದ್ದರೆ ತಲೆಸ್ನಾನದ ದಿನ ಮಾತ್ರ ಮುಂಚಿತವಾಗಿ ನುಂಗುವ ಮಾತ್ರೆಯನ್ನು ಡಾಕ್ಟರು ಬರೆದುಕೊಡುತ್ತಾರೆ. ದೀಪಾವಳಿಯ ಎಣ್ಣೆಸ್ನಾನದಲ್ಲಿ ಮಗು ಕಣ್ಣು ತೇಲಿಸಿದರೆ ‘ನೀರಿನ ಬಿಸಿಗೆ ತಲೆ ತಿರುಗಿತು’ ಎಂದು ಬಿಟ್ಟುಬಿಡಬೇಡಿ.

ಫಿಟ್ಸ್ ಬಂದ ಆ ಐದು ನಿಮಿಷ

ಗಡಿಯಾರ ನೋಡಿ. ಸುತ್ತಲಿನ ಕಲ್ಲು, ಒಲೆ, ಚೂಪಾದ ವಸ್ತು ಸರಿಸಿ. ತಲೆಯಡಿ ಟವೆಲ್ಲೋ ಸೆರಗೋ ಮಡಚಿಡಿ. ಕುತ್ತಿಗೆಯ ಗುಂಡಿ ಸಡಿಲಿಸಿ. ಒಂದು ಮಗ್ಗುಲಿಗೆ ಹೊರಳಿಸಿ. ಜೊಲ್ಲು ಹೊರಗೆ ಹರಿಯಲಿ. ಪೂರ್ತಿ ಎಚ್ಚರವಾಗುವವರೆಗೆ ಪಕ್ಕದಲ್ಲೇ ಇರಿ.

ಕೈಕಾಲು ಅದುಮಿ ಹಿಡಿಯಬೇಡಿ. ಬಾಯಿಗೆ ಚಮಚ, ಬೆರಳು, ಬಟ್ಟೆ ತುರುಕಬೇಡಿ. ನಾಲಿಗೆಯನ್ನು ಯಾರೂ ನುಂಗುವುದಿಲ್ಲ, ಹಲ್ಲು ಮುರಿಯುವುದು ಮಾತ್ರ ನಿಜ. ನೀರು ಕುಡಿಸಬೇಡಿ. ಕೈಗೆ ಬೀಗದಕೈ ಕೊಡುವುದು, ಈರುಳ್ಳಿ, ಚಪ್ಪಲಿ ಮೂಸಿಸುವುದರಿಂದ ಏನೂ ಪ್ರಯೋಜನವಿಲ್ಲ. ಹೆಚ್ಚಿನ ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ. ನಿಲ್ಲಿಸಿದ ಕೀರ್ತಿ ಬೀಗದಕೈಗೆ ಹೋಗುತ್ತದೆ, ಅಷ್ಟೇ.

ಐದು ನಿಮಿಷ ದಾಟಿದರೆ, ಎಚ್ಚರವಾಗದೆ ಮತ್ತೆ ಮತ್ತೆ ಬಂದರೆ, ನೀರಿನಲ್ಲಿ ಬಂದರೆ, ಗರ್ಭಿಣಿಯಾಗಿದ್ದರೆ, ಪೆಟ್ಟಾಗಿದ್ದರೆ, ಮೊದಲ ಸಲವಾದರೆ 108ಕ್ಕೆ ಕರೆಮಾಡಿ. ಮೂಗಿಗೆ ಸಿಂಪಡಿಸುವ ಮಿಡಜೋಲಾಮ್ ಸ್ಪ್ರೇ ಮನೆಯಲ್ಲಿಡಬೇಕೇ ಎಂದು ನಿಮ್ಮ ಡಾಕ್ಟರನ್ನು ಕೇಳಿ. ಬಳಸುವ ಬಗೆಯನ್ನು ಮನೆಯ ಇಬ್ಬರಾದರೂ ಕಲಿತಿರಬೇಕು.

ಮನೆ, ಹೊಲ, ಶಾಲೆ, ಮದುವೆ

ಬಚ್ಚಲಿಗೆ ಒಳಗಿನಿಂದ ಚಿಲಕ ಬೇಡ. ಬಾವಿ ಸೇದುವುದು, ಕೆರೆಯಲ್ಲಿ ಈಜುವುದು, ತೆಂಗಿನಮರ ಹತ್ತುವುದು, ಒಂಟಿಯಾಗಿ ಒಲೆಯ ಮುಂದೆ ಕೂರುವುದು ಫಿಟ್ಸ್ ಹತೋಟಿಗೆ ಬರುವವರೆಗೆ ಬೇಡ. ಡ್ರೈವಿಂಗ್ ಲೈಸೆನ್ಸ್ ಅರ್ಜಿಯಲ್ಲಿ ಈ ಕಾಯಿಲೆ ಇದೆಯೇ ಎಂದು ಕೇಳುತ್ತಾರೆ. ಸುಳ್ಳು ಬರೆದು ಬೈಕ್ ಓಡಿಸುವುದು ನಿಮ್ಮ ಜೀವಕ್ಕೂ ಎದುರಿನವರ ಜೀವಕ್ಕೂ ಕುತ್ತು. ಸರಿಯಾದ ನಿದ್ದೆ, ಹೊತ್ತಿಗೆ ಊಟ, ಮದ್ಯದಿಂದ ದೂರ – ಇವು ಕಾಸಿಲ್ಲದ ಮಾತ್ರೆಗಳು. ಮಗುವನ್ನು ಶಾಲೆ ಬಿಡಿಸಬೇಡಿ. ಮೇಷ್ಟರಿಗೆ ಪ್ರಥಮ ಚಿಕಿತ್ಸೆ ಹೇಳಿಕೊಡಿ. ರೋಗಿಗಾಗಲಿ ನೋಡಿಕೊಳ್ಳುವವರಿಗಾಗಲಿ ಮನಸ್ಸು ಕುಗ್ಗಿದರೆ 14416ಕ್ಕೆ ಕರೆಮಾಡಿ. ಅದು ಟೆಲಿ ಮಾನಸ್, ಉಚಿತ ಸೇವೆ, ಕನ್ನಡದಲ್ಲೇ ಮಾತಾಡಬಹುದು.

ಹೆಣ್ಣುಮಕ್ಕಳ ವಿಷಯದಲ್ಲಿ ಎರಡು ಮಾತು. ವಾಲ್‌ಪ್ರೊಯೇಟ್ ಮಾತ್ರೆ ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲದು. ಹಾಗೆಂದು ತಾವಾಗಿಯೇ ನಿಲ್ಲಿಸುವುದು ಇನ್ನೂ ಅಪಾಯ. ಮದುವೆಗೆ, ಬಸಿರಿಗೆ ಮೊದಲೇ ಡಾಕ್ಟರೊಡನೆ ಮಾತಾಡಿ ಮಾತ್ರೆ ಬದಲಿಸಿ, ಫೋಲಿಕ್ ಆಮ್ಲ ಶುರುಮಾಡಿ. ಮೂರ್ಛೆರೋಗವಿರುವ ಹೆಚ್ಚಿನ ತಾಯಂದಿರಿಗೆ ಆರೋಗ್ಯವಂತ ಮಕ್ಕಳೇ ಹುಟ್ಟುತ್ತವೆ, ಎದೆಹಾಲನ್ನೂ ಕೊಡಬಹುದು.

ಇನ್ನು ಕಾನೂನು. ಹಿಂದೂ ವಿವಾಹ ಕಾಯ್ದೆಯಲ್ಲೂ ವಿಶೇಷ ವಿವಾಹ ಕಾಯ್ದೆಯಲ್ಲೂ ಮೂರ್ಛೆರೋಗ ಮದುವೆಗೆ ಅಡ್ಡಿ ಎಂದು ಹಿಂದೆ ಬರೆದಿತ್ತು. 1999ರ ತಿದ್ದುಪಡಿ ಅದನ್ನು ಅಳಿಸಿಹಾಕಿತು. ಕಾನೂನು ಅಳಿಸಿದ ಮಾತನ್ನು ನಾವಿನ್ನೂ ಹೆಣ್ಣು ನೋಡುವ ಜಗಲಿಯಲ್ಲಿ ಪಿಸುಗುಟ್ಟುತ್ತಿದ್ದೇವೆ. ಮದುವೆಗೆ ಮೊದಲೇ ಎರಡೂ ಕಡೆಯವರು ತಿಳಿಸಿ ಮಾತಾಡಿಕೊಂಡರೆ, ಗಂಡನ ಮನೆಯಲ್ಲಿ ಸೀರೆಯ ಮಡಿಕೆಯೊಳಗೆ ಮಾತ್ರೆ ಬಚ್ಚಿಟ್ಟು, ಕೊನೆಗೆ ನುಂಗಲಾಗದೆ ಬೀಳುವ ಸಂಕಟ ಯಾವ ಹುಡುಗಿಗೂ ಬರುವುದಿಲ್ಲ.

ತಮ್ಮ ಈಗ ತಾಲ್ಲೂಕು ಕೇಂದ್ರದಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಾನೆ. ಜನೌಷಧಿ ಕೇಂದ್ರ ಅವನ ಅಂಗಡಿಯ ಎದುರಿಗೇ ಇದೆ. ಅಮ್ಮನ ಕ್ಯಾಲೆಂಡರ್ ಈಗಲೂ ಬಾಗಿಲ ಹಿಂದೆ ತೂಗುತ್ತದೆ. ನಾಲ್ಕು ವರ್ಷದಿಂದ ಅದರಲ್ಲಿ ಕೆಂಪು ಸೊನ್ನೆಯಿಲ್ಲ. ಅವನು ಇಂದಿಗೂ ರಾತ್ರಿ ಊಟದ ತಟ್ಟೆ ತೊಳೆದಿಟ್ಟು ಮಾತ್ರೆ ನುಂಗಿಯೇ ಮಲಗುತ್ತಾನೆ.

ನಿಮ್ಮ ಮನೆಯಲ್ಲಿ ಈ ಕಾಯಿಲೆಯವರು ಇದ್ದರೆ, ಇದನ್ನು ಓದಿ ಮುಗಿಸಿದ ಕೂಡಲೇ ಎದ್ದುಹೋಗಿ ಮಾತ್ರೆಯ ಡಬ್ಬಿ ತೆರೆದು ಎಣಿಸಿ. ಹತ್ತು ದಿನಕ್ಕಿಂತ ಕಡಿಮೆ ಉಳಿದಿದ್ದರೆ ನಾಳೆಯೇ ತನ್ನಿ.